ಮಾಜಿ ಸೈನಿಕನ ಮನಸ್ಸಿಗೆ ಹೊರರೋಗಿ ಚೀಟಿ ಯಾವಾಗ?

ಪ್ರತಿ ವರ್ಷ ಡಿಸೆಂಬರ್ 7ರಂದು ಸಶಸ್ತ್ರ ಪಡೆಗಳ ಧ್ವಜ ದಿನಾಚರಣೆ ನಡೆಯುತ್ತದೆ. ಜಿಲ್ಲಾಧಿಕಾರಿಯ ಅಂಗಿಗೆ ಪುಟ್ಟ ಧ್ವಜವೊಂದನ್ನು ಚುಚ್ಚಲಾಗುತ್ತದೆ, ಕಚೇರಿಗಳಲ್ಲಿ ನಿಧಿ ಸಂಗ್ರಹವಾಗುತ್ತದೆ, ಮಾರನೆಯ ದಿನ ಪತ್ರಿಕೆಗಳಲ್ಲಿ ಭಾವಚಿತ್ರ ಪ್ರಕಟವಾಗುತ್ತದೆ. ಜಿಲ್ಲಾ ಸೈನಿಕ ಮಂಡಳಿಗೆ ಜಿಲ್ಲಾಧಿಕಾರಿಯೇ ಅಧ್ಯಕ್ಷ. ಸೇವೆಯಲ್ಲಿದ್ದ ಕಾಲದಲ್ಲಿ ಇಂತಹ ಮಂಡಳಿಗಳ ಸಭೆಗಳಲ್ಲಿ ಕುಳಿತಿದ್ದ ನನಗೆ ಅವುಗಳ ಕಾರ್ಯಸೂಚಿ ಇಂದಿಗೂ ಬಾಯಿಪಾಠ: ಜಮೀನು ಮಂಜೂರಾತಿಯ ಅರ್ಜಿಗಳು, ನಿವೇಶನದ ಬೇಡಿಕೆ, ಕೋವಿ ಪರವಾನಗಿಯ ನವೀಕರಣ, ಮಕ್ಕಳ ವಿದ್ಯಾಭ್ಯಾಸಕ್ಕೆ ಸಹಾಯಧನ, ಪಿಂಚಣಿ ಬಾಕಿ, ಪಕ್ಕದ ಹಿಡುವಳಿದಾರನೊಂದಿಗೆ ಸರಹದ್ದಿನ ತಂಟೆ. ಎಲ್ಲವೂ ನ್ಯಾಯವಾದ ವಿಷಯಗಳೇ. ಆದರೆ ಸಮವಸ್ತ್ರ ಕಳಚಿ ಊರಿಗೆ ಮರಳಿದ ಮನುಷ್ಯನ ಮನಸ್ಸಿನ ಆರೋಗ್ಯ ಆ ಕಾರ್ಯಸೂಚಿಯಲ್ಲಿ ಒಂದು ಸಾಲಿನಷ್ಟು ಜಾಗವನ್ನೂ ಪಡೆದಿರಲಿಲ್ಲ.

ಮೊದಲೇ ಒಂದು ಮಾತು ಸ್ಪಷ್ಟಪಡಿಸುವುದು ಒಳ್ಳೆಯದು. ಸೇನೆಯಿಂದ ನಿವೃತ್ತರಾದವರಲ್ಲಿ ಬಹುಸಂಖ್ಯಾತರು ಶಿಸ್ತಿನ, ಸಂತೃಪ್ತಿಯ ಬಾಳು ನಡೆಸುತ್ತಿದ್ದಾರೆ. ತೋಟ ನೋಡಿಕೊಳ್ಳುತ್ತಾರೆ, ಸಹಕಾರ ಸಂಘದ ಅಧ್ಯಕ್ಷರಾಗುತ್ತಾರೆ, ಊರಿನ ಹುಡುಗರಿಗೆ ಬೆಳಗಿನ ಜಾವ ಓಟ ಕಲಿಸುತ್ತಾರೆ. ಮಾಜಿ ಸೈನಿಕನೆಂದರೆ ಮನಸ್ಸು ಕದಡಿದವನು ಎಂಬ ಸಿನಿಮಾ ಕಲ್ಪನೆ ಅನ್ಯಾಯದ್ದು, ಅಪಾಯಕಾರಿಯೂ ಹೌದು. ನನ್ನ ಕಾಳಜಿ ಇರುವುದು ಅವರ ನಡುವಿನ ಒಂದು ಸಣ್ಣ ಗುಂಪಿನ ಬಗ್ಗೆ. ಒಮ್ಮೆ ಪ್ರಾಣ ಕಳೆದುಕೊಳ್ಳಲು ಯತ್ನಿಸಿ ಬದುಕುಳಿದವರು, ತೀವ್ರ ಖಿನ್ನತೆಗೆ ಆಸ್ಪತ್ರೆ ಸೇರಿ ಬಿಡುಗಡೆಯಾದವರು, ಬದುಕು ಸಾಕೆಂಬ ಮಾತನ್ನು ಮನೆಯವರ ಮುಂದೆ ಆಡತೊಡಗಿದವರು. ಇವರಿಗೆ ಹಾಸಿಗೆಯ ಅಗತ್ಯವಿರುವುದು ಕೆಲವೇ ದಿನ. ಉಳಿದ ತಿಂಗಳುಗಳಲ್ಲಿ, ವರ್ಷಗಳಲ್ಲಿ ಬೇಕಾದದ್ದು ಮನೆಯಿಂದಲೇ ಹೋಗಿಬರಬಹುದಾದ, ಮರೆಯದೆ ವಿಚಾರಿಸುವ ಹೊರರೋಗಿ ಸೇವೆ. ಅದು ನಮ್ಮಲ್ಲಿ ಅತ್ಯಂತ ದುರ್ಬಲವಾಗಿದೆ.

ಎಷ್ಟು ಜನ ಇಂಥವರಿದ್ದಾರೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆಯಿಂದ ಮೃತಪಟ್ಟರು. ಕರ್ನಾಟಕದಲ್ಲಿ 13,606 ಮಂದಿ. ಮೃತರನ್ನು ಉದ್ಯೋಗವಾರು ವಿಂಗಡಿಸುವ ಕೋಷ್ಟಕವೊಂದು ಆ ವರದಿಯಲ್ಲಿದೆ. ಗೃಹಿಣಿಯರು, ವಿದ್ಯಾರ್ಥಿಗಳು, ದಿನಗೂಲಿಗಳು, ಕೃಷಿಕರು, ಸರ್ಕಾರಿ ನೌಕರರು, ನಿರುದ್ಯೋಗಿಗಳು, ನಿವೃತ್ತರು. ಮಾಜಿ ಸೈನಿಕ ಎಂಬ ಅಂಕಣವೇ ಇಲ್ಲ. ನಲವತ್ತರ ಹರೆಯದಲ್ಲಿ ಸೇನೆ ಬಿಟ್ಟು ಬ್ಯಾಂಕಿನ ಬಾಗಿಲು ಕಾಯುತ್ತಿದ್ದವನು ಖಾಸಗಿ ನೌಕರನ ಲೆಕ್ಕಕ್ಕೆ ಸೇರಬಹುದು, ತೋಟ ಮಾಡುತ್ತಿದ್ದವನು ಕೃಷಿಕನಾಗಬಹುದು, ಮನೆಯಲ್ಲಿದ್ದವನು ನಿವೃತ್ತನೋ ನಿರುದ್ಯೋಗಿಯೋ ಆಗಬಹುದು. ಅದು ಠಾಣೆಯ ಬರಹಗಾರನ ವಿವೇಚನೆಗೆ ಬಿಟ್ಟದ್ದು. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಸಾವುಗಳಿಗೆ ಅದೇ ವರದಿಯಲ್ಲಿ ಪ್ರತ್ಯೇಕ ಅಧ್ಯಾಯವುಂಟು. ಸೇವೆಯಲ್ಲಿರುವ ಯೋಧರ ಅಂಕಿ ಅಂಶ ಸಂಸತ್ತಿನ ಪ್ರಶ್ನೋತ್ತರಗಳಲ್ಲಿ ಆಗಾಗ ಹೊರಬರುತ್ತದೆ. ಬಿಡುಗಡೆ ಪತ್ರ ಕೈಗೆ ಬಂದ ಮರುದಿನದಿಂದ ಮಾತ್ರ ಆ ವ್ಯಕ್ತಿ ಎಲ್ಲ ಕೋಷ್ಟಕಗಳಿಂದಲೂ ಮಾಯವಾಗುತ್ತಾನೆ.

ಆಡಳಿತದ ಭಾಷೆಯಲ್ಲಿ ಇದರ ಅರ್ಥ ಸರಳ. ಅಂಕಣವಿಲ್ಲದ ಕಡೆ ಲೆಕ್ಕಶೀರ್ಷಿಕೆಯಿಲ್ಲ, ಲೆಕ್ಕಶೀರ್ಷಿಕೆಯಿಲ್ಲದ ಕಡೆ ಹಣವಿಲ್ಲ.

ಲೆಕ್ಕ ಮಾಡುವುದು ಅಸಾಧ್ಯವೇನಲ್ಲ. ಅಮೆರಿಕದ ಮಾಜಿ ಸೈನಿಕರ ಇಲಾಖೆ ತನ್ನ ಹಾಗೂ ರಕ್ಷಣಾ ಇಲಾಖೆಯ ಪಟ್ಟಿಗಳನ್ನು ರಾಷ್ಟ್ರೀಯ ಮರಣ ದಾಖಲೆಯೊಂದಿಗೆ ತಾಳೆ ಹಾಕಿ ವಾರ್ಷಿಕ ವರದಿ ಪ್ರಕಟಿಸುತ್ತ ಬಂದಿದೆ. ಅದರ ಪ್ರಕಾರ 2022ರಲ್ಲಿ 6,407 ಮಾಜಿ ಸೈನಿಕರು ಆತ್ಮಹತ್ಯೆಯಿಂದ ಸತ್ತರು. ದಿನಕ್ಕೆ ಸರಾಸರಿ 17.6 ಮಂದಿ. ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯನ್ನು ಆ ತಾಳೆ ನೋಡುವಿಕೆ ಹೊರಗೆಡಹಿತು: ಸತ್ತವರಲ್ಲಿ ಸುಮಾರು ಶೇಕಡ 60ರಷ್ಟು ಮಂದಿ ಆ ಇಲಾಖೆಯ ಆಸ್ಪತ್ರೆಗಳ ಆರೈಕೆಯಲ್ಲಿ ಇರಲೇ ಇಲ್ಲ. ಎಣಿಸದೆ ಹೋಗಿದ್ದರೆ ಈ ಸಂಗತಿ ಯಾರಿಗೂ ತಿಳಿಯುತ್ತಿರಲಿಲ್ಲ. ನಮ್ಮಲ್ಲಿ ರಕ್ಷಣಾ ಪಿಂಚಣಿ ಈಗ ‘ಸ್ಪರ್ಶ್’ ಎಂಬ ಗಣಕೀಕೃತ ವ್ಯವಸ್ಥೆಯಡಿ ಬಂದಿದೆ. ಪಿಂಚಣಿದಾರ ತೀರಿಕೊಂಡರೆ ಕುಟುಂಬ ಪಿಂಚಣಿಗಾಗಿ ಮರಣ ಪ್ರಮಾಣಪತ್ರ ಸಲ್ಲಿಕೆಯಾಗುತ್ತದೆ. ಆದರೆ ಜನನ ಮರಣ ನೋಂದಣಿ ಕಾನೂನಿನಂತೆ ಆ ಪ್ರಮಾಣಪತ್ರದಲ್ಲಿ ಸಾವಿನ ಕಾರಣ ಇರುವುದಿಲ್ಲ. ಕುಟುಂಬದ ಗೌರವದ ದೃಷ್ಟಿಯಿಂದ ಅದು ಸರಿಯಾದ ನಿಯಮವೇ. ಹೆಸರುಗಳನ್ನು ಬಹಿರಂಗಪಡಿಸದೆ, ನೋಂದಣಾಧಿಕಾರಿಗಳ ಮಟ್ಟದಲ್ಲೇ ಎರಡು ಪಟ್ಟಿಗಳನ್ನು ತಾಳೆ ನೋಡಿ ಬರಿಯ ಮೊತ್ತವನ್ನು ಪ್ರಕಟಿಸಲು ಹೊಸ ಸಂಸ್ಥೆಯೇನೂ ಬೇಕಿಲ್ಲ, ಒಂದು ಅಂತರ ಇಲಾಖಾ ಆದೇಶ ಸಾಕು.

ಸೈನಿಕನೇಕೆ ತನ್ನ ಮನಸ್ಸಿನ ನೋವನ್ನು ವೈದ್ಯನ ಮುಂದೆ ಬಿಚ್ಚಿಡುವುದಿಲ್ಲ? ಗಂಡಸುತನದ ಹುಸಿ ಅಭಿಮಾನ ಒಂದು ಕಾರಣವೆಂಬುದು ನಿಜ. ಆದರೆ ವ್ಯವಸ್ಥೆಯೇ ಅವನಿಗೆ ಮೌನವನ್ನು ಕಲಿಸಿರುತ್ತದೆ ಎಂಬುದನ್ನು ನಾವು ಮರೆಯುತ್ತೇವೆ. ಸೇನೆಯಲ್ಲಿ ಪ್ರತಿಯೊಬ್ಬನ ದೇಹಾರೋಗ್ಯವನ್ನೂ ‘ಶೇಪ್’ ಎಂಬ ಐದಕ್ಷರದ ಸಂಕೇತದಲ್ಲಿ ವರ್ಗೀಕರಿಸುತ್ತಾರೆ. ಅದರ ಮೊದಲ ಅಕ್ಷರವಾದ ‘ಎಸ್’ ಸೂಚಿಸುವುದು ಮಾನಸಿಕ ಸ್ಥಿತಿಯನ್ನು. ಶ್ರವಣ, ಅವಯವ, ದೇಹ, ದೃಷ್ಟಿಗಳೆಲ್ಲ ಅನಂತರ. ಆ ಮೊದಲ ಅಕ್ಷರದ ಶ್ರೇಣಿ ಕೆಳಗಿಳಿದರೆ ಬಡ್ತಿ, ನೇಮಕಾತಿ, ಆಯುಧ ಹಿಡಿಯುವ ಕರ್ತವ್ಯ ಎಲ್ಲಕ್ಕೂ ಕುತ್ತು. ಹದಿನೈದು ಹದಿನೇಳು ವರ್ಷ ಈ ಭಯದಲ್ಲಿ ‘ಎಲ್ಲ ಸರಿಯಾಗಿದೆ ಸಾಹೇಬ್’ ಎಂದೇ ಉತ್ತರಿಸಿ ರೂಢಿಯಾದವನು ನಿವೃತ್ತಿಯ ಮರುದಿನ ಏಕಾಏಕಿ ಮನಬಿಚ್ಚಿ ಮಾತನಾಡಬೇಕೆಂದು ನಿರೀಕ್ಷಿಸುವುದು ಹೇಗೆ?

ಅವನು ನಿವೃತ್ತನಾಗುವ ವಯಸ್ಸನ್ನೂ ಗಮನಿಸಬೇಕು. ನಾವು ಅಸೈನಿಕ ನೌಕರರು ಅರವತ್ತಕ್ಕೆ ಮನೆಗೆ ಹೋಗುತ್ತೇವೆ. ಆ ಹೊತ್ತಿಗೆ ಮಕ್ಕಳು ದಡ ಸೇರಿರುತ್ತಾರೆ. ಜವಾನ ಮನೆಗೆ ಬರುವುದು ಮೂವತ್ತೈದರಿಂದ ನಲವತ್ತರ ಆಸುಪಾಸಿನಲ್ಲಿ. ವರ್ಷಕ್ಕೆ ಸುಮಾರು 60,000 ಮಂದಿ ಹೀಗೆ ಬಿಡುಗಡೆ ಹೊಂದುತ್ತಾರೆ. ಮಕ್ಕಳಿಗೆ ಶಾಲೆಯ ವಯಸ್ಸು, ಮನೆ ಸಾಲದ ಮೊದಲ ಕಂತು, ವರ್ಷಕ್ಕೆರಡು ತಿಂಗಳ ರಜೆಯಲ್ಲಿ ಮಾತ್ರ ಕಂಡಿದ್ದ ಹೆಂಡತಿಯೊಡನೆ ಮೊದಲ ಬಾರಿಗೆ ನಿತ್ಯದ ಸಂಸಾರ. ತಮ್ಮಂದಿರು ಅಷ್ಟರಲ್ಲಿ ಜಮೀನಿನ ಮೇಲೆ ತಮ್ಮದೇ ಹಿಡಿತ ಸಾಧಿಸಿರುತ್ತಾರೆ. ಸುಬೇದಾರನಾಗಿ ಐವತ್ತು ಜನರನ್ನು ನಡೆಸಿದವನಿಗೆ ಸಿಗುವುದು ಎ.ಟಿ.ಎಂ. ಕಾಯುವ ಕೆಲಸ, ಕೈಯಲ್ಲಿ ಮತ್ತೆ ಅದೇ ಬಂದೂಕು, ಹನ್ನೆರಡು ಗಂಟೆಯ ಪಾಳಿ, ಮಾತನಾಡಲು ಜೊತೆಗಾರನಿಲ್ಲ. ಸೇನೆಯಲ್ಲಿದ್ದ ಒಡನಾಟವೊಂದೇ ಅವನ ಮನಸ್ಸಿಗೆ ಆಧಾರವಾಗಿತ್ತು ಎಂಬುದು ಅದು ತಪ್ಪಿದ ಮೇಲೆ ಅವನಿಗೇ ತಿಳಿಯುತ್ತದೆ. ಕ್ಯಾಂಟೀನಿನ ರಮ್ಮು ಮಾತ್ರ ತಿಂಗಳಿಗೊಮ್ಮೆ ಕೋಟಾ ಪ್ರಕಾರ ದೊರೆಯುತ್ತದೆ. ಆಪ್ತ ಸಮಾಲೋಚನೆಗೆ ಅಂತಹ ಕೋಟಾ ಇಲ್ಲ.

ಅಹವಾಲು ಸ್ವೀಕಾರದ ಒಂದು ದಿನ ಹವಾಲ್ದಾರರೊಬ್ಬರು ಅಂಗವೈಕಲ್ಯ ಪಿಂಚಣಿಯ ಬಾಕಿಗೆಂದು ನನ್ನ ಕಚೇರಿಗೆ ಬಂದಿದ್ದರು. ಕಾಗದಪತ್ರಗಳನ್ನು ಅಚ್ಚುಕಟ್ಟಾಗಿ ದಾರದಲ್ಲಿ ಪೋಣಿಸಿಕೊಂಡು, ನೆಟ್ಟಗೆ ನಿಂತು, ಕೇಳಿದ್ದಕ್ಕೆಲ್ಲ ಎರಡೇ ಮಾತಿನಲ್ಲಿ ಉತ್ತರ. ಅವರು ಅರ್ಜಿಗೆ ಮೊಹರು ಹಾಕಿಸಲು ಆಚೆ ಹೋದಾಗ ಪತ್ನಿ ಹಿಂದೆಯೇ ನಿಂತು, ‘ಸಾಹೇಬ್ರೆ, ಪಿಂಚಣಿ ಬಂದ್ರೆ ಬರ್ಲಿ, ಬಿಟ್ರೆ ಬಿಡ್ಲಿ. ಇವ್ರು ರಾತ್ರಿ ಮಲಗಲ್ಲ. ಎಂಟು ತಿಂಗ್ಳಾಯ್ತು. ನಾನೂ ಮಲಗಲ್ಲ, ಕಾಯ್ತಾ ಕೂತಿರ್ತೀನಿ’ ಎಂದರು. ಏನನ್ನು ಕಾಯುತ್ತಿದ್ದರೆಂದು ಕೇಳುವ ಅಗತ್ಯವಿರಲಿಲ್ಲ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ಫೋನು ಮಾಡಿಸಿ ಅವರನ್ನು ಕಳುಹಿಸಿದೆವು. ವೈದ್ಯರು ಸಜ್ಜನರು, ಮಾತ್ರೆ ಬರೆದುಕೊಟ್ಟರು, ಹದಿನೈದು ದಿನ ಬಿಟ್ಟು ಬರಲು ಹೇಳಿದರು. ಹದಿನೈದು ದಿನ ಬಿಟ್ಟು ಅವರು ಬಂದರೇ ಎಂದು ನೋಡಿಕೊಳ್ಳುವ ಹೊಣೆ ಆ ಆಸ್ಪತ್ರೆಯಲ್ಲಿ ಯಾರ ಮೇಲೂ ಇರಲಿಲ್ಲ. ಅದು ಒಬ್ಬ ವ್ಯಕ್ತಿಯ ನಿರ್ಲಕ್ಷ್ಯವಲ್ಲ. ಆ ಕೆಲಸಕ್ಕೆ ಹುದ್ದೆಯೇ ಸೃಷ್ಟಿಯಾಗಿಲ್ಲ.

ಈ ವಿಷಯದ ತಿರುಳು ಇರುವುದು ಇಲ್ಲಿಯೇ ಎಂದು ನನಗನಿಸುತ್ತದೆ. ಮಾನಸಿಕ ಚಿಕಿತ್ಸೆಗಾಗಿ ಆಸ್ಪತ್ರೆ ಸೇರಿದ ರೋಗಿಗೆ ಅಪಾಯ ಅತಿ ಹೆಚ್ಚಾಗಿರುವುದು ಬಿಡುಗಡೆಯ ನಂತರದ ಕೆಲವು ವಾರಗಳಲ್ಲಿ ಎಂಬುದನ್ನು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ವಾರ್ಡಿನಲ್ಲಿ ಇಪ್ಪತ್ತನಾಲ್ಕು ಗಂಟೆ ಕಾಯುವ ದಾದಿಯರಿದ್ದಾರೆ. ಮನೆಯಲ್ಲಿ ಹಳೆಯ ಸಾಲ, ಹಳೆಯ ಜಗಳ, ಹಳೆಯ ಮೌನ ಕಾದಿರುತ್ತವೆ. ಈ ಅವಧಿಯಲ್ಲಿ ರೋಗಿಯನ್ನು ಹಿಡಿದಿಡುವುದು ದುಬಾರಿ ಯಂತ್ರಗಳಲ್ಲ, ಹೊಸ ಔಷಧವೂ ಅಲ್ಲ.

ಸ್ಯಾನ್‌ಫ್ರಾನ್ಸಿಸ್ಕೋದ ಮನೋವೈದ್ಯ ಜೆರೋಮ್ ಮೋಟೋ ಎರಡನೆಯ ಮಹಾಯುದ್ಧದಲ್ಲಿ ಸೈನಿಕರಾಗಿದ್ದವರು. ಯುದ್ಧಭೂಮಿಯಲ್ಲಿದ್ದಾಗ ಪರಿಚಯದ ಯುವತಿಯೊಬ್ಬಳು, ಉತ್ತರ ನಿರೀಕ್ಷಿಸದೆ ಬರೆಯುತ್ತಿದ್ದ ಪತ್ರಗಳು ಅವರ ಮನಸ್ಸಿನಲ್ಲಿ ಉಳಿದಿದ್ದವು. ಮುಂದೆ ಅವರು ಖಿನ್ನತೆಯಿಂದ ಅಥವಾ ಆತ್ಮಹತ್ಯೆಯ ಯೋಚನೆಯಿಂದ ಆಸ್ಪತ್ರೆ ಸೇರಿ, ಬಿಡುಗಡೆಯ ನಂತರ ಹೊರರೋಗಿ ಚಿಕಿತ್ಸೆಯನ್ನು ನಿರಾಕರಿಸಿದ ಅಥವಾ ಕೈಬಿಟ್ಟ 843 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಐದು ವರ್ಷಗಳಲ್ಲಿ 24 ಚಿಕ್ಕ ಪತ್ರಗಳು ಹೋದವು. ನಿಮ್ಮನ್ನು ನೆನಪಿಸಿಕೊಂಡೆವು, ಬೇಕೆನಿಸಿದರೆ ಬರೆಯಿರಿ ಎಂಬಷ್ಟೇ ಧಾಟಿ, ಉಪದೇಶವಿಲ್ಲ, ಪ್ರಶ್ನೆಗಳಿಲ್ಲ. ಮೊದಲ ಎರಡು ವರ್ಷಗಳಲ್ಲಿ ಪತ್ರ ಪಡೆದವರಲ್ಲಿ ಆತ್ಮಹತ್ಯೆ ಗಣನೀಯವಾಗಿ ಕಡಿಮೆಯಿತ್ತು. ಮಾಜಿ ಸೈನಿಕರ ಸಹಾಯವಾಣಿಗೆ ಕರೆ ಮಾಡಿದವರಿಗೆ ಅಮೆರಿಕ ಸರ್ಕಾರ 2020ರಿಂದ ಇದೇ ಬಗೆಯ ಪತ್ರಗಳನ್ನು ಕಳುಹಿಸತೊಡಗಿತು.

ಅಮೆರಿಕದ ಮಾತು ನಮಗೇಕೆ ಎನ್ನುವವರಿಗೆ ಚೆನ್ನೈಯ ಉದಾಹರಣೆಯಿದೆ. ವಿಶ್ವ ಆರೋಗ್ಯ ಸಂಸ್ಥೆ ಚೆನ್ನೈ, ಕೊಲಂಬೊ ಸೇರಿದಂತೆ ಐದು ಕಡೆ ಆತ್ಮಹತ್ಯೆಗೆ ಯತ್ನಿಸಿ ತುರ್ತು ಚಿಕಿತ್ಸೆಗೆ ಬಂದಿದ್ದ 1,867 ಮಂದಿಯ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದು ಗುಂಪಿಗೆ ಅದರ ಜೊತೆಗೆ ಬಿಡುಗಡೆಯ ಹೊತ್ತಿನಲ್ಲಿ ಒಂದು ಗಂಟೆಯ ತಿಳಿವಳಿಕೆ ಹಾಗೂ ಹದಿನೆಂಟು ತಿಂಗಳಲ್ಲಿ ಒಂಬತ್ತು ಬಾರಿ ಫೋನಿನಲ್ಲೋ ಮನೆಗೆ ಹೋಗಿಯೋ ವಿಚಾರಣೆ. ಹದಿನೆಂಟು ತಿಂಗಳ ಕೊನೆಗೆ ಮೊದಲ ಗುಂಪಿನಲ್ಲಿ ಶೇಕಡ 2.2ರಷ್ಟು ಮಂದಿ ಆತ್ಮಹತ್ಯೆಯಿಂದ ಸತ್ತಿದ್ದರು, ಎರಡನೆಯದರಲ್ಲಿ ಶೇಕಡ 0.2. ಈ ಪ್ರಯೋಗದಲ್ಲಿದ್ದವರು ಸೈನಿಕರಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಹೇಳುವುದಾದರೆ, ಇಷ್ಟು ಕಡಿಮೆ ವೆಚ್ಚಕ್ಕೆ ಇಷ್ಟು ಫಲ ಕೊಟ್ಟ ಸಾರ್ವಜನಿಕ ಕಾರ್ಯಕ್ರಮಗಳು ನನ್ನ ಸೇವಾವಧಿಯಲ್ಲಿ ಬೆರಳೆಣಿಕೆಯಷ್ಟು.

ಮಾಜಿ ಸೈನಿಕರ ಮೇಲೆಯೇ ನಡೆದ ಕೆಲಸವೂ ಇದೆ. ‘ಸುರಕ್ಷತಾ ಯೋಜನೆ’ ಎಂದು ಕರೆಯಬಹುದಾದ ಒಂದು ಹಾಳೆಯನ್ನು ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ಎಂಬ ಮನಶ್ಶಾಸ್ತ್ರಜ್ಞರು ರೂಪಿಸಿದರು. ಯಾವ ಲಕ್ಷಣ ಕಂಡರೆ ನನಗೆ ಅಪಾಯವೆಂದು ತಿಳಿಯಬೇಕು, ಆಗ ನಾನೊಬ್ಬನೇ ಏನು ಮಾಡಿ ಮನಸ್ಸನ್ನು ಬೇರೆಡೆ ತಿರುಗಿಸಬಲ್ಲೆ, ಎಲ್ಲಿಗೆ ಹೋದರೆ ಅಥವಾ ಯಾರ ಜೊತೆಗಿದ್ದರೆ ಹಗುರವಾಗುತ್ತದೆ, ಯಾರಲ್ಲಿ ಬಾಯಿಬಿಟ್ಟು ಸಹಾಯ ಕೇಳಬಹುದು, ಯಾವ ವೈದ್ಯರಿಗೆ ಕರೆ ಮಾಡಬೇಕು, ಮನೆಯಲ್ಲಿರುವ ಅಪಾಯಕರ ವಸ್ತುಗಳನ್ನು ಯಾರ ವಶಕ್ಕೆ ಕೊಡಬೇಕು. ರೋಗಿಯೇ ಸಿಬ್ಬಂದಿಯ ಜೊತೆ ಕುಳಿತು ತನ್ನ ಮಾತಿನಲ್ಲಿ ಇದನ್ನು ಬರೆದುಕೊಳ್ಳುತ್ತಾನೆ. ಮಾಜಿ ಸೈನಿಕರ ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ಬಂದು, ಒಳರೋಗಿಯಾಗುವಷ್ಟು ತೀವ್ರವಲ್ಲದ ಸ್ಥಿತಿಯಲ್ಲಿದ್ದ 1,640 ಮಂದಿಯ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಈ ಹಾಳೆ ಮತ್ತು ಅನಂತರದ ದೂರವಾಣಿ ಕರೆಗಳನ್ನು ಪಡೆದವರಲ್ಲಿ ಆರು ತಿಂಗಳ ಅವಧಿಯ ಆತ್ಮಹತ್ಯಾ ವರ್ತನೆ ಶೇಕಡ 45ರಷ್ಟು ಕಡಿಮೆಯಿತ್ತು. ಅವರು ಹೊರರೋಗಿ ಚಿಕಿತ್ಸೆಗೆ ಹಾಜರಾಗುವ ಸಾಧ್ಯತೆಯೂ ಇಮ್ಮಡಿಗಿಂತ ಹೆಚ್ಚಿತ್ತು. ಮಿಲಿಟರಿಯಲ್ಲಿ ಪಳಗಿದವನಿಗೆ ಇಂತಹ ಹಾಳೆ ಸುಲಭವಾಗಿ ಒಗ್ಗೀತು ಎಂಬುದು ನನ್ನ ಊಹೆ. ಮುಂದೇನು ಮಾಡಬೇಕೆಂಬ ಸ್ಪಷ್ಟ ಆದೇಶ ಅವನಿಗೆ ಪರಿಚಿತವಾದದ್ದು.

ಹಾಗೆಂದು ಅಮೆರಿಕದ ವ್ಯವಸ್ಥೆಯನ್ನು ಆದರ್ಶವೆಂದು ನಾನು ಹೇಳುತ್ತಿಲ್ಲ. 2014ರಲ್ಲಿ ಅರಿಜೋನಾದ ಫೀನಿಕ್ಸ್ ನಗರದ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಬಯಲಾದ ಹಗರಣವನ್ನು ನಮ್ಮ ಪ್ರತಿಯೊಬ್ಬ ಅಧಿಕಾರಿಯೂ ಓದಬೇಕು. ರೋಗಿಗೆ ಹದಿನಾಲ್ಕು ದಿನಗಳೊಳಗೆ ವೈದ್ಯರ ಭೇಟಿ ದೊರೆಯಬೇಕೆಂದು ಕೇಂದ್ರ ಕಚೇರಿ ಗುರಿ ನಿಗದಿಪಡಿಸಿತ್ತು, ಆ ಗುರಿಗೆ ಅಧಿಕಾರಿಗಳ ಬಹುಮಾನಧನವನ್ನೂ ಜೋಡಿಸಿತ್ತು. ಪರಿಣಾಮವಾಗಿ ಕಾಯುವವರ ಹೆಸರುಗಳು ಅಧಿಕೃತ ಪಟ್ಟಿಯ ಬದಲು ಬೇರೆ ಪಟ್ಟಿಗಳಿಗೆ ಹೋದವು. ವರದಿಗಳಲ್ಲಿ ಎಲ್ಲವೂ ಸುಂದರ. ವಾಸ್ತವದಲ್ಲಿ ಜನ ತಿಂಗಳುಗಟ್ಟಲೆ ಕಾಯುತ್ತಿದ್ದರು, ಕೆಲವರು ಕಾಯುತ್ತಲೇ ಸತ್ತರು. ಇಲಾಖೆಯ ಮುಖ್ಯಸ್ಥ ಎರಿಕ್ ಶಿನ್ಸೆಕಿ ಅದೇ ವರ್ಷದ ಮೇ ತಿಂಗಳಲ್ಲಿ ರಾಜೀನಾಮೆ ಕೊಡಬೇಕಾಯಿತು. ಅವರು ಸ್ವತಃ ಸೇನಾ ಮುಖ್ಯಸ್ಥರಾಗಿದ್ದವರು, ವಿಯೆಟ್ನಾಂ ಯುದ್ಧದಲ್ಲಿ ಗಾಯಗೊಂಡವರು. ತಾಲ್ಲೂಕು ಮಟ್ಟದ ಪ್ರಗತಿ ಪರಿಶೀಲನಾ ಸಭೆಗಳಲ್ಲಿ ಶೇಕಡ ನೂರು ಸಾಧನೆಯ ಕೋಷ್ಟಕಗಳನ್ನು ಕಂಡವರಿಗೆ ಈ ಕತೆ ಹೊಸದೆನಿಸಲಾರದು.

ಆ ಪೆಟ್ಟಿನ ನಂತರ ಅಲ್ಲಿ ಬಂದ ಕೆಲವು ನಿಯಮಗಳು ಗಮನಾರ್ಹವಾಗಿವೆ. 2020ರಲ್ಲಿ ಅಂಗೀಕಾರವಾಗಿ 2023ರ ಜನವರಿಯಲ್ಲಿ ಜಾರಿಗೆ ಬಂದ ಕಾನೂನೊಂದರ ಪ್ರಕಾರ, ಆತ್ಮಹತ್ಯೆಯ ತುರ್ತು ಅಪಾಯದಲ್ಲಿರುವ ಅರ್ಹ ಮಾಜಿ ಸೈನಿಕ ಸರ್ಕಾರಿ ಅಥವಾ ಖಾಸಗಿ ಯಾವ ಆಸ್ಪತ್ರೆಗೆ ಹೋದರೂ 30 ದಿನಗಳವರೆಗೆ ಒಳರೋಗಿಯಾಗಿ, 90 ದಿನಗಳವರೆಗೆ ಹೊರರೋಗಿಯಾಗಿ ಉಚಿತ ಚಿಕಿತ್ಸೆ ಪಡೆಯಬಹುದು. ಅವನು ಇಲಾಖೆಯ ಆರೋಗ್ಯ ಯೋಜನೆಯಲ್ಲಿ ಹೆಸರು ನೋಂದಾಯಿಸಿರಬೇಕೆಂದೂ ಇಲ್ಲ. ಒಳರೋಗಿಗಿಂತ ಹೊರರೋಗಿಯ ಅವಧಿಯನ್ನು ಮೂರು ಪಟ್ಟು ಇಟ್ಟಿರುವುದರಲ್ಲಿ ವಿವೇಕವಿದೆ.

ಇನ್ನು ನಮ್ಮ ಮನೆಯ ಸ್ಥಿತಿ. ಮಾಜಿ ಸೈನಿಕರ ಕೊಡುಗೆ ಆಧಾರಿತ ಆರೋಗ್ಯ ಯೋಜನೆ, ಅಂದರೆ ಇ.ಸಿ.ಎಚ್.ಎಸ್., 2003ರ ಏಪ್ರಿಲ್‌ನಲ್ಲಿ ಆರಂಭವಾಯಿತು. ದೇಶದಾದ್ಯಂತ 400ಕ್ಕೂ ಹೆಚ್ಚು ಪಾಲಿಕ್ಲಿನಿಕ್‌ಗಳಿವೆ. ನಮ್ಮ ರಾಜ್ಯದಲ್ಲಿ ಬೆಂಗಳೂರು, ಮೈಸೂರು, ಮಡಿಕೇರಿ, ಬೆಳಗಾವಿ, ಮಂಗಳೂರು ಮೊದಲಾದೆಡೆ. ಸ್ವಾತಂತ್ರ್ಯಾನಂತರ ಮಾಜಿ ಸೈನಿಕರಿಗಾಗಿ ಆದ ದೊಡ್ಡ ಕೆಲಸಗಳಲ್ಲಿ ಇದೂ ಒಂದೆಂದು ನಾನು ಭಾವಿಸುತ್ತೇನೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದಯದ ಶಸ್ತ್ರಚಿಕಿತ್ಸೆಗಳಿಗೆ ಅದರಿಂದಾದ ಉಪಕಾರ ಸಣ್ಣದಲ್ಲ. ಮನಸ್ಸಿನ ಕಾಯಿಲೆಗೆ ಮಾತ್ರ ಅಲ್ಲಿನ ದಾರಿ ಬಳಸುದಾರಿ. ಪಾಲಿಕ್ಲಿನಿಕ್‌ನ ವೈದ್ಯಾಧಿಕಾರಿ ರೆಫರಲ್ ಬರೆದುಕೊಡಬೇಕು, ಅದನ್ನು ಹಿಡಿದು ಸೇನಾ ಆಸ್ಪತ್ರೆಗೋ ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಗೋ ಹೋಗಬೇಕು, ಬರೆದ ಔಷಧ ಪಾಲಿಕ್ಲಿನಿಕ್‌ನಲ್ಲಿ ದಾಸ್ತಾನಿಲ್ಲದಿದ್ದರೆ ಮತ್ತೆ ಅಲೆಯಬೇಕು. ಮಂಡಿನೋವಿನವನು ಗೊಣಗುತ್ತಲಾದರೂ ಅಲೆಯುತ್ತಾನೆ. ಬೆಳಗ್ಗೆ ಹಾಸಿಗೆ ಬಿಟ್ಟೇಳುವುದೇ ಬೆಟ್ಟ ಹತ್ತಿದಂತೆ ಅನಿಸುವವನು ಮೊದಲ ಕೌಂಟರಿನಲ್ಲೇ ಹಿಂತಿರುಗುತ್ತಾನೆ. ಬರಲಿಲ್ಲವೇಕೆ ಎಂದು ಅವನಿಗೆ ಫೋನು ಮಾಡುವವರಿಲ್ಲ. ಖಿನ್ನತೆಯ ಮಾತ್ರೆಯನ್ನು ದಿಢೀರನೆ ನಿಲ್ಲಿಸಿದರೆ ತೊಂದರೆಯುಂಟು ಎಂಬುದು ವೈದ್ಯರಿಗೆ ಗೊತ್ತು, ದಾಸ್ತಾನು ಪುಸ್ತಕಕ್ಕೆ ಗೊತ್ತಿಲ್ಲ.

ವಿಪರ್ಯಾಸವೆಂದರೆ ಇದಕ್ಕೆ ಬೇಕಾದ ಸಾಮಗ್ರಿಗಳು ಕರ್ನಾಟಕದಲ್ಲಿರುವಷ್ಟು ಬೇರೆಡೆ ಇಲ್ಲ. ಇಂದು ದೇಶವ್ಯಾಪಿಯಾಗಿರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮೂಲ ಮಾದರಿ 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗ. ಜಿಲ್ಲೆಯ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಹೋಗಿ ಹೊರರೋಗಿಗಳನ್ನು ನೋಡುವ ‘ಮನೋಚೈತನ್ಯ’ ಎಂಬ ಕಾರ್ಯಕ್ರಮವನ್ನು ರಾಜ್ಯ ಸರ್ಕಾರ ರೂಪಿಸಿತು. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ ನಿಮ್ಹಾನ್ಸ್ ಕೇಂದ್ರ ಸಂಸ್ಥೆ. 14416 ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಈ ಲೇಖನ ಓದುತ್ತಿರುವವರಲ್ಲಿ ಯಾರಿಗಾದರೂ, ಅಥವಾ ಅವರ ಮನೆಯವರಿಗೆ ಅಗತ್ಯವಿದ್ದರೆ ಆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಸೇನಾ ಸಿಬ್ಬಂದಿ ಮತ್ತು ಅವರ ಕುಟುಂಬಗಳಿಗಾಗಿ ಇದೇ ಸಹಾಯವಾಣಿಯ ವಿಶೇಷ ಘಟಕವೊಂದನ್ನು 2023ರ ಡಿಸೆಂಬರ್‌ನಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಪ್ರಾಯೋಗಿಕವಾಗಿ ತೆರೆಯಲಾಯಿತು. 2022ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಆತ್ಮಹತ್ಯೆ ತಡೆ ಕಾರ್ಯನೀತಿಯಂತೂ ಐದು ವರ್ಷಗಳಲ್ಲಿ ಎಲ್ಲ ಜಿಲ್ಲೆಗಳಲ್ಲೂ ಇದಕ್ಕಾಗಿ ಮನೋವೈದ್ಯಕೀಯ ಹೊರರೋಗಿ ವಿಭಾಗ ಇರಬೇಕೆಂದು ಹೇಳಿತು. ಆದರೆ ಒಂದು ರಕ್ಷಣಾ ಸಚಿವಾಲಯದ್ದು, ಇನ್ನೊಂದು ಆರೋಗ್ಯ ಇಲಾಖೆಯದ್ದು, ಮತ್ತೊಂದು ಸೈನಿಕ ಕಲ್ಯಾಣ ಇಲಾಖೆಯದ್ದು. ಈ ಮೂರೂ ಒಂದೇ ಮೇಜಿನ ಸುತ್ತ ಕುಳಿತುಕೊಳ್ಳಬಹುದಾದ ಜಾಗ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಸೈನಿಕ ಮಂಡಳಿ.

ವೆಚ್ಚದ ಮಾತಿಗೆ ಬರೋಣ. ಚೆನ್ನೈಯಲ್ಲಿ ನಡೆದಂತೆ ಹದಿನೆಂಟು ತಿಂಗಳಲ್ಲಿ ಒಂಬತ್ತು ಬಾರಿ ಎಂದರೆ ಒಬ್ಬರಿಗೆ ವರ್ಷಕ್ಕೆ ಆರು ವಿಚಾರಣೆ. ತರಬೇತಾದ ಒಬ್ಬ ಕಾರ್ಯಕರ್ತ ದಿನಕ್ಕೆ ಹನ್ನೆರಡು ಜನರೊಡನೆ ಮಾತನಾಡಿ ವರ್ಷಕ್ಕೆ 250 ದಿನ ಕೆಲಸ ಮಾಡಿದರೆ 3,000 ವಿಚಾರಣೆಗಳಾದವು. ಅಂದರೆ 500 ಮಂದಿಯನ್ನು ಒಬ್ಬನೇ ನೋಡಿಕೊಳ್ಳಬಲ್ಲ. ಅವನಿಗೆ ತಿಂಗಳಿಗೆ 25,000 ರೂಪಾಯಿ ಸಂಬಳವೆಂದಿಟ್ಟುಕೊಂಡರೆ ತಲಾ ವೆಚ್ಚ ವರ್ಷಕ್ಕೆ 600 ರೂಪಾಯಿ. ಮನೆ ಭೇಟಿ, ಪ್ರಯಾಣ, ಮೇಲುಸ್ತುವಾರಿ ಸೇರಿಸಿ ಇದನ್ನು ಮೂರು ಪಟ್ಟು ಮಾಡಿದರೂ ಖಾಸಗಿ ಆಸ್ಪತ್ರೆಯ ಒಂದು ದಿನದ ಕೊಠಡಿ ಬಾಡಿಗೆಯನ್ನು ದಾಟುವುದು ಅನುಮಾನ. ಕಾರ್ಯಕರ್ತರನ್ನು ಹೊರಗೆ ಹುಡುಕಬೇಕಾಗಿಯೂ ಇಲ್ಲ. ಸೇನಾ ವೈದ್ಯಕೀಯ ದಳದ ಶುಶ್ರೂಷಾ ಸಹಾಯಕರು ಕೂಡ ನಲವತ್ತರ ಆಸುಪಾಸಿನಲ್ಲೇ ನಿವೃತ್ತರಾಗುತ್ತಾರೆ. ಅವರಿಗೆ ನಿಮ್ಹಾನ್ಸ್ ಅಥವಾ ಡಿಮ್ಹಾನ್ಸ್‌ನಲ್ಲಿ ಕೆಲವು ತಿಂಗಳ ತರಬೇತಿ ಕೊಟ್ಟರೆ ಎದುರಿನವನ ರೆಜಿಮೆಂಟ್ ಯಾವುದೆಂದು ಕೇಳಿ ಮಾತು ಆರಂಭಿಸಬಲ್ಲ ಜನ ದೊರೆಯುತ್ತಾರೆ. ಬಿಳಿಕೋಟಿನ ಎಳೆಯ ಪದವೀಧರನೆದುರು ಬಾಯಿಬಿಡದ ನಾಯಕ್ ಸಾಹೇಬರು ಇವರೆದುರು ಬಿಟ್ಟಾರು.

ಬಂದೂಕಿನ ವಿಷಯವನ್ನು ಹೇಳದೆ ಮುಂದೆ ಹೋಗುವುದು ಅಪ್ರಾಮಾಣಿಕತೆಯಾದೀತು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ಕೋವಿ ಅಲ್ಲಿ ಆಯುಧ ಮಾತ್ರವಲ್ಲ, ಕೈಲ್‌ಪೋಳ್ದ್ ದಿನ ಪೂಜೆಗೊಳ್ಳುವ ಮನೆತನದ ಮರ್ಯಾದೆ. ಅದನ್ನು ಕಸಿಯಬೇಕೆಂದು ನಾನು ವಾದಿಸುತ್ತಿಲ್ಲ, ವಾದಿಸಿದರೂ ಯಾರೂ ಕೇಳುವುದಿಲ್ಲ. ಆದರೆ ಮನಸ್ಸು ಕುಗ್ಗಿದ ಕೆಲವು ತಿಂಗಳು ಕೋವಿ ತಮ್ಮನ ಮನೆಯಲ್ಲಿರಲಿ, ಬೀಗದ ಕೈ ಹೆಂಡತಿಯ ಬಳಿ ಇರಲಿ ಎಂದು ವೈದ್ಯರು ಹೇಳುವುದು, ಬಯಲುಸೀಮೆಯಲ್ಲಿ ಕೀಟನಾಶಕದ ವಿಷಯದಲ್ಲಿ ಇದೇ ಮಾತನ್ನು ಹೇಳುವುದು ಚಿಕಿತ್ಸೆಯ ಭಾಗವೇ. ಆತ್ಮಹತ್ಯೆಯ ತೀವ್ರ ಪ್ರಚೋದನೆ ಬಹುತೇಕ ಅಲ್ಪಾವಧಿಯದು. ಆ ಗಳಿಗೆಯಲ್ಲಿ ಕೈಗೆಟುಕದ ಸಾಧನ ಜೀವ ಉಳಿಸುತ್ತದೆ. ಅತ್ಯಂತ ವಿಷಕಾರಿ ಕೀಟನಾಶಕಗಳನ್ನು ಹಂತ ಹಂತವಾಗಿ ನಿಷೇಧಿಸಿದ ಶ್ರೀಲಂಕಾದಲ್ಲಿ ಆತ್ಮಹತ್ಯೆಯ ಪ್ರಮಾಣ ಗಮನಾರ್ಹವಾಗಿ ಇಳಿದದ್ದು ಇದಕ್ಕೆ ಸಾಕ್ಷಿ.

ಕಾನೂನಿನ ಭಯವೊಂದು ಕುಟುಂಬಗಳನ್ನು ಬಹುಕಾಲ ಕಾಡುತ್ತಿತ್ತು. ಆತ್ಮಹತ್ಯೆಗೆ ಯತ್ನಿಸಿದವನನ್ನು ಆಸ್ಪತ್ರೆಗೆ ಕರೆದೊಯ್ದರೆ ಪೊಲೀಸ್ ಪ್ರಕರಣವಾಗುತ್ತದೆಂದು ವಿಷಯವನ್ನೇ ಮುಚ್ಚಿಡುತ್ತಿದ್ದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೆಯ ಕಲಂ ಅಂತಹವನು ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಬೇಕು, ಅವನಿಗೆ ಆರೈಕೆ ಒದಗಿಸುವುದು ಸರ್ಕಾರದ ಕರ್ತವ್ಯ ಎಂದಿತು. ಹಳೆಯ ದಂಡ ಸಂಹಿತೆಯ 309ನೆಯ ಕಲಂ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಸರ್ಕಾರಿ ನೌಕರನ ಮೇಲೆ ಒತ್ತಡ ಹೇರಲು ನಡೆಸುವ ಯತ್ನವಷ್ಟೇ ಅಪರಾಧವಾಗಿ ಉಳಿದಿದೆ. ಈ ಬದಲಾವಣೆ ಹಳ್ಳಿಯ ಮನೆಗಳಿಗೆ ಇನ್ನೂ ಸರಿಯಾಗಿ ತಲುಪಿಲ್ಲ. ಕೆಲವು ಠಾಣೆಗಳಿಗೂ ತಲುಪಬೇಕಾಗಿದೆ.

ಮಾಜಿ ಸೈನಿಕರಿಗೇಕೆ ಪ್ರತ್ಯೇಕ ವ್ಯವಸ್ಥೆ, ರೈತನ ಜೀವಕ್ಕೆ ಬೆಲೆಯಿಲ್ಲವೇ ಎಂಬ ಆಕ್ಷೇಪ ಬರಬಹುದು. ಆಕ್ಷೇಪದಲ್ಲಿ ಹುರುಳಿದೆ. ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮಲ್ಲಿ ವಿವಿಧ ಮಾನಸಿಕ ಕಾಯಿಲೆಗಳಿಂದ ಬಳಲುವವರ ಪೈಕಿ ಶೇಕಡ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ದೊರೆಯುತ್ತಿಲ್ಲ. ಆದರೆ ಮಾಜಿ ಸೈನಿಕರ ವಿಳಾಸ, ದೂರವಾಣಿ, ವೈದ್ಯಕೀಯ ಇತಿಹಾಸ ಎಲ್ಲವೂ ಸರ್ಕಾರದ ಕೈಯಲ್ಲಿ ಈಗಾಗಲೇ ಇವೆ. ಬೆನ್ನುಹತ್ತಿ ವಿಚಾರಿಸುವ ಪದ್ಧತಿಯನ್ನು ಮೊದಲು ಕಲಿಯಲು ಇದಕ್ಕಿಂತ ಸುಲಭವಾದ ಗುಂಪು ಸಿಗದು. ಅಲ್ಲಿ ಕಲಿತದ್ದನ್ನು ತಾಲ್ಲೂಕು ಆಸ್ಪತ್ರೆಯ ಉಳಿದ ರೋಗಿಗಳಿಗೆ ವಿಸ್ತರಿಸಬಹುದು.

ಆದರೆ ಈ ಪಟ್ಟಿಯಲ್ಲೇ ಇರದ ಹೊಸದೊಂದು ವರ್ಗ ಬರಲಿದೆ. 2022ರ ಅಗ್ನಿಪಥ ಯೋಜನೆಯ ಮೊದಲ ತಂಡಗಳು ಅದೇ ವರ್ಷದ ಕೊನೆಯಲ್ಲಿ ಹಾಗೂ 2023ರ ಆರಂಭದಲ್ಲಿ ತರಬೇತಿಗೆ ಸೇರಿದವು. ನಾಲ್ಕು ವರ್ಷಗಳ ಲೆಕ್ಕದಲ್ಲಿ ಅವು ಹೊರಬರುವುದು 2026ರ ಕೊನೆ ಮತ್ತು 2027ರ ಆರಂಭದ ಸುಮಾರಿಗೆ. ಮೂಲ ಯೋಜನೆಯಂತೆ ಶೇಕಡ 25ರವರೆಗಿನ ಮಂದಿಯನ್ನು ಮಾತ್ರ ಉಳಿಸಿಕೊಳ್ಳಲಾಗುತ್ತದೆ. ಉಳಿದವರು ಇಪ್ಪತ್ತರ ಹರೆಯದಲ್ಲೇ ಸುಮಾರು 11.71 ಲಕ್ಷ ರೂಪಾಯಿಯ ಸೇವಾ ನಿಧಿಯೊಂದಿಗೆ ಊರಿಗೆ ಮರಳುತ್ತಾರೆ. 2022ರಲ್ಲಿ ಪ್ರಕಟವಾದ ಷರತ್ತುಗಳ ಪ್ರಕಾರ ಅವರಿಗೆ ಪಿಂಚಣಿಯಿಲ್ಲ, ಮಾಜಿ ಸೈನಿಕರ ಸ್ಥಾನಮಾನವಿಲ್ಲ, ಇ.ಸಿ.ಎಚ್.ಎಸ್. ಚೀಟಿಯೂ ಇಲ್ಲ. ಯೋಜನೆಯ ಸಾಧಕ ಬಾಧಕಗಳ ಚರ್ಚೆ ಬೇರೆ. ಸೇನೆಯ ಸರಾಸರಿ ವಯಸ್ಸು ಇಳಿಯಬೇಕೆಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಗಡಿಯಲ್ಲಿ ನಿಂತು ಬಂದು, ಊರಿನ ಓರಗೆಯವರ ಮುಂದೆ ಆಯ್ಕೆಯಾಗದೆ ಹಿಂತಿರುಗಿದವನೆಂಬ ಭಾವ ಹೊತ್ತ ಇಪ್ಪತ್ಮೂರರ ಯುವಕನಿಗೆ ಮೊದಲ ಎರಡು ವರ್ಷ ಕಷ್ಟದವಾಗಬಹುದು. ಕನಿಷ್ಠ ಆ ಅವಧಿಯವರೆಗಾದರೂ ಪಾಲಿಕ್ಲಿನಿಕ್‌ನ ಮಾನಸಿಕ ಆರೋಗ್ಯದ ಹೊರರೋಗಿ ಸೇವೆಯನ್ನು ಅವರಿಗೂ ತೆರೆದಿಡಬೇಕು. ಬಿಡುಗಡೆಯ ದಿನವೇ ಅವರ ವಿಳಾಸ ಮತ್ತು ದೂರವಾಣಿ ಸಂಖ್ಯೆ, ಅವರ ಒಪ್ಪಿಗೆಯೊಂದಿಗೆ, ಆಯಾ ಜಿಲ್ಲೆಯ ಸೈನಿಕ ಮಂಡಳಿಗೆ ಬರಬೇಕು. ಮೂರನೆಯ ತಿಂಗಳಿಗೆ ಮಂಡಳಿಯ ಕಾರ್ಯಕರ್ತ ಆ ಸಂಖ್ಯೆಗೆ ಕರೆ ಮಾಡಿ, ಊರಿಗೆ ಬಂದ ಮೇಲೆ ಹೇಗಿದ್ದೀಯಪ್ಪ ಎಂದು ವಿಚಾರಿಸಬೇಕು. ಇದಕ್ಕೆ ಸಂಸತ್ತಿನಲ್ಲಿ ಮಸೂದೆ ಮಂಡಿಸಬೇಕಾಗಿಲ್ಲ. ರಕ್ಷಣಾ ಸಚಿವಾಲಯದ ಒಂದು ಸುತ್ತೋಲೆ, ರಾಜ್ಯದ ಸೈನಿಕ ಕಲ್ಯಾಣ ಇಲಾಖೆಯ ಒಂದು ಆದೇಶ ಇವೆರಡು ಹೊರಟರೆ ಸಾಕು.